ಕೇಳುವುದೊಂದು ಬಿಟ್ಟು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಖ್ಯಾತನಾಮರೊಬ್ಬರು ಹೊಸ ಆಲ್ಬಮ್ ತರುತ್ತಿದ್ದಾರೆಂದರೆ ಮೊದಲು ಬರುವುದು ಫೋಟೊ. ಪಿಯಾನೊದವರಾದರೆ ಕಡಲ ದಂಡೆ. ಬೂಟು ಬಿಚ್ಚಿರುತ್ತಾರೆ, ಕೋಟು ಬಿಚ್ಚಿರುವುದಿಲ್ಲ. ಪಿಟೀಲಿನವರಾದರೆ ಪಾಳುಬಿದ್ದ ಕಾರ್ಖಾನೆಯ ಗೋಡೆಗೆ ಒರಗಿ, ಮುನ್ನೂರು ವರ್ಷ ಹಳೆಯ ವಾದ್ಯವನ್ನು ಮಳೆ ನಿಂತ ಮೇಲಿನ ಛತ್ರಿಯ ಹಾಗೆ ಇಳಿಬಿಟ್ಟುಕೊಂಡು ನಿಂತಿರುತ್ತಾರೆ. ಸೊಪ್ರಾನೊ ಎಂಬ ಏರುಕಂಠದ ಗಾಯಕಿಯಾದರೆ ಗಾಳಿ ಬೀಸಲೇಬೇಕು. ವಾದ್ಯವೃಂದ ನಡೆಸುವ ಕಂಡಕ್ಟರ್ ಮಾತ್ರ ಕಣ್ಣು ಮುಚ್ಚಿರಬೇಕು, ಎದುರಿಗೆ ನೂರು ಮಂದಿ ವಾದಕರು ಅವರ ಕಣ್ಸನ್ನೆಗೆ ಕಾದು ಕೂತಿದ್ದರೂ ಸರಿಯೇ. ಕೃತಿ ಬರೆದ ಪುಣ್ಯಾತ್ಮನ ಹೆಸರೂ ಇರುತ್ತದೆ, ಇಲ್ಲವೆಂದಲ್ಲ. ಕನ್ನಡಕ ಏರಿಸಿಕೊಂಡು ಕೆಳಗಿನ ಮೂಲೆಯಲ್ಲಿ ಹುಡುಕಬೇಕು.

ಫೋಟೊ ಆದ ಮೇಲೆ ಹೇಳಿಕೆ. ಈ ಕೃತಿ ಬಾಲ್ಯದಿಂದಲೂ ನನ್ನ ಜೊತೆಗಿತ್ತು, ಇದನ್ನು ಮುಟ್ಟುವ ಧೈರ್ಯ ಇಷ್ಟು ವರ್ಷ ಬಂದಿರಲಿಲ್ಲ, ಈಗ ಕಾಲ ಕೂಡಿ ಬಂತು. ಎಲ್ಲರಿಗೂ ಹೀಗೆ ಕಾಲ ಕೂಡಿ ಬರುವುದು ಅದೇ ಐದಾರು ಕೃತಿಗಳಿಗೆ. ವಿವಾಲ್ಡಿಯ ‘ನಾಲ್ಕು ಋತುಗಳು’ 1725ರಲ್ಲಿ ಅಚ್ಚಾದದ್ದು. ಅದರ ಧ್ವನಿಮುದ್ರಿಕೆಗಳು ಈಗ ನೂರಾರು. ಭೂಮಿಯ ಮೇಲೆ ಋತುಮಾನ ಏರುಪೇರಾದರೂ ರೆಕಾರ್ಡ್ ಕಂಪನಿಗಳಲ್ಲಿ ವಸಂತ ತಪ್ಪದೆ ಬರುತ್ತದೆ.

ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ನೋಡಿ, ‘ಆರಿಯಾ’ ಎಂಬ ಒಂದು ಧಾಟಿ ಮತ್ತು ಅದರ ಬದಲಾವಣೆಗಳ ಮಾಲೆ. ನಿದ್ದೆ ಹತ್ತದ ಒಬ್ಬ ಕೌಂಟ್‌ನ, ಅಂದರೆ ಸಿರಿವಂತ ಪ್ರಭುವಿನ, ರಾತ್ರಿ ಕಳೆಯಲೆಂದು ಹುಟ್ಟಿದ ಸಂಗೀತ ಅಂತ ಅದರ ಬಗ್ಗೆ ಒಂದು ಕತೆಯಿದೆ. 1955ರಲ್ಲಿ ಗ್ಲೆನ್ ಗೂಲ್ಡ್ ಎಂಬ 22ರ ಹುಡುಗ ಇಡೀ ಕೃತಿಯನ್ನು ಮೂವತ್ತೆಂಟೂವರೆ ನಿಮಿಷಕ್ಕೆ ನುಡಿಸಿ ಎದ್ದ. 1981ರಲ್ಲಿ ಮತ್ತೆ ಕೂತಾಗ 51 ನಿಮಿಷ ಹಿಡಿಯಿತು. ಈ ಎರಡನೆಯದಕ್ಕೆ ಅರ್ಥವಿತ್ತು, ಒಪ್ಪೋಣ. ಅದೇ ಮನುಷ್ಯ ಅದೇ ಸ್ವರಗಳ ಬಗ್ಗೆ ಮನಸ್ಸು ಬದಲಿಸಿದ್ದ, ಅದು ಕಿವಿಗೆ ಗೊತ್ತಾಗುತ್ತಿತ್ತು. 2020ರಲ್ಲಿ ಚೀನಾದ ಪಿಯಾನೊ ತಾರೆ ಲಾಂಗ್ ಲಾಂಗ್ ಬಂದರು. ಪುನರಾವರ್ತನೆಗಳೆಲ್ಲ ಸೇರಿ ಒಂದೂವರೆ ಗಂಟೆಯ ಆಸುಪಾಸು. ಅಷ್ಟಕ್ಕೇ ಮುಗಿಯಿತೆಂದುಕೊಂಡರೆ ಡಿಲಕ್ಸ್ ಆವೃತ್ತಿ ಬೇರೆ: ಸ್ಟುಡಿಯೊದ್ದು ಒಂದು, ಬಾಖ್ ಕೆಲಸ ಮಾಡಿದ ಲೈಪ್ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ನುಡಿಸಿದ್ದು ಇನ್ನೊಂದು. ಬಾಖ್ ಸಮಾಧಿಯಿರುವುದೂ ಅಲ್ಲೇ, ಎದ್ದು ಹೋಗುವ ಅನುಕೂಲ ಅವನಿಗೆ ಇರಲಿಲ್ಲ. ಇದೇ ಲೆಕ್ಕದಲ್ಲಿ ಹೋದರೆ ಮುಂದಿನ ಪೀಳಿಗೆಯ ತಾರೆ ಮೊದಲ ಆರಿಯಾ ಮುಗಿಸುವ ಹೊತ್ತಿಗೆ ಕೌಂಟ್‌ಗೆ ಬೆಳಗಾಗಿರುತ್ತದೆ.

ಇಷ್ಟುದ್ದದ್ದನ್ನು ಮಾರುವುದು ಹೇಗೆ? ಕತ್ತರಿಸಿ. ಆಲ್ಬಮ್ ಬರುವುದಕ್ಕೆ ತಿಂಗಳುಗಳ ಮುಂಚೆಯೇ ಅದರಿಂದ ಮೂರು ನಿಮಿಷ ಕಿತ್ತು ‘ಸಿಂಗಲ್’ ಎಂದು ಬಿಡುತ್ತಾರೆ. ಸಿಂಫನಿಯ ನಿಧಾನಗತಿಯ ಭಾಗ, ಅಂದರೆ ಮೂವ್‌ಮೆಂಟು, ‘ಓದುವಾಗ ಕೇಳಲು’ ಎಂಬ ಪ್ಲೇಲಿಸ್ಟಿಗೆ, ಇನ್ನೂ ನಿಧಾನದ್ದು ‘ನಿದ್ದೆಗೆ’ ಎಂಬ ಪ್ಲೇಲಿಸ್ಟಿಗೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ವಾಗ್ನರ್‌ನ ‘ದಾಸ್ ರೈನ್‌ಗೋಲ್ಡ್’ ಎಂಬ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಶುರುವಾಗಿ 30 ಸೆಕೆಂಡು ಕಳೆದರೂ ನದಿಯ ತಳದಿಂದೆದ್ದ ಒಂದು ಗುಂಯ್‌ಗುಡುವಿಕೆ ಬಿಟ್ಟರೆ ಹೆಚ್ಚೇನೂ ಆಗಿರುವುದಿಲ್ಲ, ಹಾರ್ನ್‌ನವರು ಇನ್ನೂ ಉಸಿರೆಳೆದುಕೊಳ್ಳುತ್ತಿರುತ್ತಾರೆ. ಕಂಪನಿಯ ಲೆಕ್ಕದಲ್ಲಿ ನೀವಾಗಲೇ ಕೇಳಿಯಾಯಿತು. ನಡುವೆ ಎಲ್ಲೂ ಬಿಡುವಿಲ್ಲದೆ ಎರಡೂವರೆ ಗಂಟೆ ಹರಿಯಬೇಕೆಂದು ವಾಗ್ನರ್ ಹಟಹಿಡಿದು ಬರೆದ ಒಪೆರಾ ಅದು. ಈಗ ಹತ್ತಾರು ತುಂಡು. ತುಂಡುಗಳನ್ನು ಕಲಸಿ ಕೇಳಿಸುವ ಶಫಲ್ ಒತ್ತಿದಿರೋ, ದೇವತೆಗಳು ಮೊದಲು ಕೋಟೆಯ ಗೃಹಪ್ರವೇಶ ಮುಗಿಸಿ, ಆಮೇಲೆ ಕೋಟೆ ಕಟ್ಟಿದವರ ಕೂಲಿಗೆ ಜಗಳ ತೆಗೆಯುತ್ತಾರೆ.

ಈ ಪದ್ಧತಿಗೆ ಹೇಳಿ ಮಾಡಿಸಿದ ಕೃತಿಯೆಂದರೆ ಜಾನ್ ಕೇಜ್ 1952ರಲ್ಲಿ ಕೊಟ್ಟದ್ದು. ನಾಲ್ಕು ನಿಮಿಷ 33 ಸೆಕೆಂಡು, ಮೂರು ಮೂವ್‌ಮೆಂಟು, ವಾದಕ ಒಂದು ಸ್ವರವನ್ನೂ ನುಡಿಸುವುದಿಲ್ಲ. ಇದನ್ನು ಧ್ವನಿಮುದ್ರಿಸಿಕೊಂಡವರೂ ಇದ್ದಾರೆ, ಒಬ್ಬರಲ್ಲ, ಹಲವರು. ರಾಕ್ ಸಂಗೀತದ ಫ್ರಾಂಕ್ ಜಪ್ಪಾ ಕೂಡ. ಅಪಸ್ವರದ ಭಯವಿಲ್ಲ, ತಾಲೀಮು ಬೇಡ, 30 ಸೆಕೆಂಡಿಗೆ ಎಣಿಕೆಗೂ ಬರುತ್ತದೆ. ಯಾರ ಸುಮ್ಮನಿರುವಿಕೆ ಶ್ರೇಷ್ಠ ಎಂಬ ಚರ್ಚೆ ಪತ್ರಿಕೆಗಳಲ್ಲಿ ಇನ್ನೂ ಕಾವೇರಿಲ್ಲ ಅನ್ನುವುದೇ ಆಶ್ಚರ್ಯ.

ಒಪೆರಾದ ಮಾತಿಗೆ ಬಂದರೆ ವ್ಯವಹಾರ ದೊಡ್ಡದು. ಇಡೀ ವಾದ್ಯವೃಂದ, ಮೇಳ, ಐದಾರು ತಾರೆಯರು, ಅವರೆಲ್ಲರ ಬಿಡುವಿನ ದಿನಗಳು ಒಟ್ಟಿಗೆ ಕೂಡಬೇಕು. ಸ್ಟುಡಿಯೊ ಒಪೆರಾ ದುಬಾರಿಯಾಯಿತು, ಇನ್ನು ಸಾಧ್ಯವಿಲ್ಲ ಎಂದು 2005ರಲ್ಲಿ ಶೋಕಾಚರಣೆಯೇ ನಡೆಯಿತು. ಕಂಡಕ್ಟರ್ ಆಂತೋನಿಯೊ ಪಪ್ಪಾನೊ ನಿರ್ದೇಶನದಲ್ಲಿ ವಾಗ್ನರ್‌ನ ಒಪೆರಾ ‘ಟ್ರಿಸ್ಟಾನ್’ ಆಗ ಹೊರಬಂದಿತ್ತು. ಬಹುಶಃ ಇದೇ ಕಟ್ಟಕಡೆಯ ದೊಡ್ಡ ಸ್ಟುಡಿಯೊ ಒಪೆರಾ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. 2015ರಲ್ಲಿ ಅದೇ ಪಪ್ಪಾನೊ ರೋಮ್‌ನಲ್ಲಿ ಮುದ್ರಿಸಿದ ‘ಆಯಿದಾ’ ಬಂತು. 2023ರಲ್ಲಿ ‘ತುರಾಂದೊತ್’. ಕಟ್ಟಕಡೆಯದನ್ನು ಹೀಗೆ ಪದೇ ಪದೇ ಮಾಡುವ ಯೋಗ ಎಲ್ಲರಿಗೂ ಇರುವುದಿಲ್ಲ. ಅಂದಹಾಗೆ, ಆ ‘ಟ್ರಿಸ್ಟಾನ್’ನಲ್ಲಿ ನಾಯಕನಾದ ಪ್ಲಾಸಿಡೊ ಡೊಮಿಂಗೊ ಆಗಲೇ ಅರವತ್ತು ದಾಟಿದ್ದರು, ಆ ಪಾತ್ರವನ್ನು ರಂಗದ ಮೇಲೆ ಎಂದೂ ಪೂರ್ತಿ ಹಾಡಿದವರಲ್ಲ. ಮೈಕಿನ ಮುಂದೆ ಹಾಡಿದರು, ಚೆನ್ನಾಗಿಯೇ ಹಾಡಿದರು. ಸ್ಟುಡಿಯೊದಲ್ಲಿ ಗಂಟಲು ಕಟ್ಟಿದರೆ ನಾಳೆ ಬಂದು ಹಾಡಬಹುದು. ರಂಗದ ಮೇಲೆ ಟ್ರಿಸ್ಟಾನ್ ಅದೇ ರಾತ್ರಿ ಸಾಯಬೇಕು.

ಟ್ರಿಸ್ಟಾನನ ಹಣೆಬರಹದಲ್ಲೇ ಇದೆಯೇನೋ ಇಂಥದ್ದು. 1952ರಲ್ಲಿ ಕಂಡಕ್ಟರ್ ಫುರ್ಟ್‌ವೆಂಗ್ಲರ್ ಅದೇ ಒಪೆರಾವನ್ನು ಲಂಡನ್ನಿನಲ್ಲಿ ಮುದ್ರಿಸುವಾಗ ನಾಯಕಿ ಇಸೋಲ್ಡೆಯಾಗಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇದ್ದರು. ವಯಸ್ಸು 56, ಕಂಠ ಆಗಲೂ ಬೆಟ್ಟದಂತಿತ್ತು. ತುದಿಯಲ್ಲಿನ ಮೇಲಿನ ‘ಸಿ’ ಸ್ವರ ಮಾತ್ರ ಕೈಗೆಟುಕುತ್ತಿರಲಿಲ್ಲ. ಇನ್ನೊಬ್ಬ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಬಂದು ಆ ಸ್ವರಗಳನ್ನಷ್ಟೇ ಹಾಡಿ ಹೋದರು. ಧ್ವನಿಮುದ್ರಿಕೆಯ ತಟ್ಟೆಯ ಮೇಲೆ ಅವರ ಹೆಸರು ಬರಲಿಲ್ಲ. ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ನೊಂದುಕೊಂಡರು. ನೊಂದುಕೊಳ್ಳುವಷ್ಟು ನಾಚಿಕೆ ಆ ಕಾಲಕ್ಕೆ ಇನ್ನೂ ಉಳಿದಿತ್ತು ಅನ್ನಿ. ಒಂದು ಪಾತ್ರಕ್ಕೆ ಇಬ್ಬರು ಹಾಡಿದ್ದು ಅಲ್ಲಿ ಹೆಚ್ಚಾಯಿತಲ್ಲ, ಅದನ್ನು ಗಾಯಕ ಯೋನಾಸ್ ಕೌಫ್ಮನ್ 2017ರಲ್ಲಿ ಸರಿದೂಗಿಸಿದರು. ಮಾಹ್ಲರ್ ‘ದಾಸ್ ಲೀಡ್ ಫಾನ್ ಡೇರ್ ಎರ್ಡೆ’ಯನ್ನು ಬರೆದದ್ದು ಎರಡು ಕಂಠಗಳಿಗೆ. ಕೌಫ್ಮನ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಎರಡನ್ನೂ ಒಬ್ಬರೇ ಹಾಡಿ ಮುಗಿಸಿದರು. ಜೊತೆ ಕಲಾವಿದರೊಂದಿಗೆ ಭಿನ್ನಾಭಿಪ್ರಾಯ ಬಂದ ವರದಿಯಿಲ್ಲ.

‘ಲೈವ್’ ಎಂದು ಮುಖಪುಟದಲ್ಲಿ ಅಚ್ಚಾಗಿದ್ದರೆ ನಿಜಕ್ಕೂ ಒಂದೇ ರಾತ್ರಿ ಹಾಡಿದ್ದು ಅಂದುಕೊಳ್ಳಬೇಡಿ. ಮೂರು ರಾತ್ರಿಗಳ ಒಳ್ಳೆಯ ತುಣುಕುಗಳನ್ನು ಹೊಲಿದು, ಎಲ್ಲ ರಾತ್ರಿಯೂ ಕೆಮ್ಮಿದ ಜಾಗಗಳನ್ನು ಖಾಲಿ ಸಭಾಂಗಣದಲ್ಲಿ ಮತ್ತೆ ನುಡಿಸಿ ತೇಪೆ ಹಾಕಿರುತ್ತಾರೆ. ಚಪ್ಪಾಳೆ ಮಾತ್ರ ಅಸಲಿ.

ಇನ್ನು ವಿಮರ್ಶಕರು. ಇವರಾದರೂ ಕೇಳುತ್ತಾರೆ ಅಂದುಕೊಂಡಿದ್ದೆವು. ಇಂಗ್ಲೆಂಡಿನ ಜಾಯ್ಸ್ ಹಾಟೊ ಎಂಬ ಪಿಯಾನೊ ವಾದಕಿ ವರ್ಷಗಟ್ಟಲೆ ವೇದಿಕೆ ಹತ್ತಿರಲಿಲ್ಲ, ಕಾಯಿಲೆಯಲ್ಲಿದ್ದರು. ಆದರೆ ಅವರ ಹೆಸರಿನಲ್ಲಿ ಸಿ.ಡಿ.ಗಳು ಬರತೊಡಗಿದವು, ಬರುತ್ತಾ ಬರುತ್ತಾ ನೂರು ದಾಟಿದವು. ಲಿಸ್ಟ್, ಶೋಪಾನ್, ರಖ್ಮಾನಿನೊವ್, ಯಾವುದನ್ನೂ ಬಿಟ್ಟಿಲ್ಲ. ಹೊರತಂದದ್ದು ಗಂಡನ ಕಂಪನಿ. ವಿಮರ್ಶಕರು ಬೆರಗಾದರು. ಹೆಸರೇ ಕೇಳದ ಮಹಾನ್ ಕಲಾವಿದೆ ನಮ್ಮ ನಡುವೆ ಇದ್ದಾರೆ ಎಂದು ಬರೆದರು. ಆ ಸ್ಪರ್ಶದಲ್ಲಿ ನೋವುಂಡ ಜೀವದ ಪಕ್ವತೆ ಕಂಡವರೂ ಇದ್ದರು. 2006ರಲ್ಲಿ ಹಾಟೊ ತೀರಿಕೊಂಡರು. 2007ರಲ್ಲಿ ಕೇಳುಗನೊಬ್ಬ ಅವರ ಲಿಸ್ಟ್ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಾಗ, ಅದು ಯಾವ ಭಾವಾವೇಶವೂ ಇಲ್ಲದೆ ಇದು ಲಾಸ್ಲೋ ಶಿಮೊನ್ ನುಡಿಸಿದ್ದು ಎಂದು ಪರದೆಯ ಮೇಲೆ ತೋರಿಸಿಬಿಟ್ಟಿತು. ಕೆದಕುತ್ತ ಹೋದಂತೆ ಮಿಕ್ಕವೂ ಹೀಗೆಯೇ: ಬೇರೆ ಬೇರೆಯವರು ನುಡಿಸಿದ್ದಕ್ಕೆ ಹಾಟೊ ಹೆಸರು ಅಂಟಿಸಿತ್ತು, ಕೆಲವನ್ನು ಗುರುತು ಸಿಗದಿರಲೆಂದು ಕೊಂಚ ಹಿಗ್ಗಿಸಿ ಕುಗ್ಗಿಸಿತ್ತು. ಗಂಡ ಒಪ್ಪಿಕೊಂಡ.

ಅದೇ ಬೆರಳು, ಅದೇ ಪಿಯಾನೊ, ಅದೇ ಸ್ವರ. ಶಿಮೊನ್ ಎಂದು ಬರೆದಿದ್ದಾಗ ಯಾರೂ ತಲೆ ಎತ್ತಿರಲಿಲ್ಲ, ಹಾಟೊ ಎಂದು ಬರೆದೊಡನೆ ಗಂಧರ್ವಗಾನವಾಯಿತು. ಕೊನೆಗೆ ಕಳ್ಳನನ್ನು ಹಿಡಿದ ಕಂಪ್ಯೂಟರ್ ಆದರೂ ಕೇಳಿತೇ ಎಂದರೆ, ಅದೂ ಇಲ್ಲ. ತಟ್ಟೆಯಲ್ಲಿನ ಟ್ರ್ಯಾಕುಗಳ ಉದ್ದ ಅಳೆದು, ತನ್ನ ಪಟ್ಟಿಯಲ್ಲಿರುವ ಇನ್ನೊಂದು ತಟ್ಟೆಯ ಉದ್ದಕ್ಕೆ ತಾಳೆ ನೋಡಿತು, ಅಷ್ಟೆ. ನೂರಕ್ಕೂ ಹೆಚ್ಚು ಸಿ.ಡಿ.ಗಳ ಈ ಪ್ರಕರಣದಲ್ಲಿ ನುಡಿಸಿದವರು ಬಿಟ್ಟರೆ ಸಂಗೀತವನ್ನು ಸರಿಯಾಗಿ ಕೇಳಿಸಿಕೊಂಡವನು ಬಹುಶಃ ಆ ಗಂಡನೊಬ್ಬನೇ. ಯಾವುದನ್ನು ಕದ್ದರೆ ಒಳ್ಳೆಯದು ಎಂಬುದು ಅವನಿಗೆ ಗೊತ್ತಿತ್ತು.

ಬದುಕಿರುವವರ ಕತೆ ಹೀಗಾದರೆ ತೀರಿಕೊಂಡವರದು ಇನ್ನೂ ಭರ್ಜರಿ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಗಾದೆಯನ್ನು ಈ ಉದ್ಯಮ ಗಂಭೀರವಾಗಿ ತೆಗೆದುಕೊಂಡಿದೆ. ಒಪೆರಾ ಗಾಯಕಿ ಮಾರಿಯಾ ಕಾಲಸ್ 1977ರಲ್ಲಿ ಹೋದರು. 2014ರಲ್ಲಿ ಅವರ ಸ್ಟುಡಿಯೊ ಹಾಡುಗಳನ್ನೆಲ್ಲ ರೀಮಾಸ್ಟರ್ ಮಾಡಿ, ಅಂದರೆ ಹಳೆಯ ಮುದ್ರಣದ ಧ್ವನಿ ತಿದ್ದಿ, 69 ಸಿ.ಡಿ.ಗಳ ಪೆಟ್ಟಿಗೆ ತಂದರು. 2023ರ ಜನ್ಮಶತಮಾನೋತ್ಸವಕ್ಕೆ ಅದು 131 ಆಯಿತು. ನಡುವೆ, 2018ರಲ್ಲಿ, ಹೊಲೊಗ್ರಾಮ್ ಎಂಬ ಬೆಳಕಿನ ಬೊಂಬೆಯ ರೂಪದಲ್ಲಿ ಕಛೇರಿ ಪ್ರವಾಸವನ್ನೂ ಮಾಡಿಸಿದರು. ಬದುಕಿದ್ದಾಗ ಕಛೇರಿ ರದ್ದು ಮಾಡಿದ್ದಕ್ಕೆ ಬೈಸಿಕೊಂಡ ಹೆಂಗಸು, ಈಗ ಒಂದು ದಿನ ತಪ್ಪಿಸುವಂತಿಲ್ಲ.

ಕಂಡಕ್ಟರ್ ಜಾರ್ಜ್ ಶೋಲ್ಟಿಯವರ ವಾಗ್ನರ್ ‘ರಿಂಗ್’ (ನಾಲ್ಕು ಒಪೆರಾಗಳ ಮಾಲೆ) 1958ರಿಂದ 1965ರ ತನಕ ವಿಯೆನ್ನಾದಲ್ಲಿ ಮುದ್ರಣವಾದದ್ದು. ವಾಗ್ನರ್ ಕೇಳಿದಂತೆ ಕಮ್ಮಾರರು ಕಬ್ಬಿಣ ಬಡಿಯುವ 18 ಅಡಿಗಲ್ಲುಗಳನ್ನು ತರಿಸಿ ಬಡಿಸಿದ್ದರು. ಅದ್ಭುತ ರೆಕಾರ್ಡಿಂಗ್, ಅನುಮಾನವೇ ಬೇಡ. ಅದು ಎಲ್‌ಪಿಯಾಗಿ ಬಂತು, ಕ್ಯಾಸೆಟ್ಟಾಗಿ ಬಂತು, ಸಿ.ಡಿ.ಯಾಗಿ ಬಂತು, ರೀಮಾಸ್ಟರಾಗಿ ಬಂತು, ಒಂದೇ ಬ್ಲೂ-ರೇ ತಟ್ಟೆಯಲ್ಲಿ ಅಡಗಿ ಬಂತು, ಈಗ ಡಾಲ್ಬಿ ಅಟ್ಮಾಸ್ ಆಗಿ ಮತ್ತೆ ಎಲ್‌ಪಿಯಾಗಿಯೂ ಬಂದಿದೆ. ಪ್ರತಿ ಸಲವೂ ಹಿಂದೆಂದೂ ಕೇಳದ ಸ್ಪಷ್ಟತೆ. ಹಾಗಾದರೆ ಹಿಂದೆ ಕೊಂಡಾಗ ನಮಗೆ ಮಾರಿದ್ದು ಏನು ಎಂದು ಕೇಳಬಾರದು. ಹತ್ತೊಂಬತ್ತನೇ ಅಡಿಗಲ್ಲು ಕೇಳಿಸುವ ತನಕ ಇದು ನಿಲ್ಲುವಂತಿಲ್ಲ.

ಕಂಡಕ್ಟರ್ ಕರಾಯಾನ್ ಅವರದು ಇನ್ನೂ ದೂರದೃಷ್ಟಿ. ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಐವತ್ತರ ದಶಕಕ್ಕೊಂದು, ಅರವತ್ತಕ್ಕೊಂದು, ಎಪ್ಪತ್ತಕ್ಕೊಂದು, ಎಂಬತ್ತಕ್ಕೊಂದು ಎಂದು ನಾಲ್ಕು ಸಲ ಮುದ್ರಿಸಿಟ್ಟು 1989ರಲ್ಲಿ ಹೊರಟುಹೋದರು. ಅರವತ್ತರದ್ದೇ ಚೆಂದ ಎನ್ನುವವರಿಗೂ ಎಪ್ಪತ್ತರದ್ದೇ ಚೆಂದ ಎನ್ನುವವರಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಯಿತು. ಎಂಬತ್ತರದ್ದನ್ನು ಸಮರ್ಥಿಸುವವರು ಒಂಟಿಯಾಗಿ ಓಡಾಡುತ್ತಾರೆ.

ಆದರೆ ಎಲ್ಲರನ್ನೂ ಮೀರಿಸಿದ ಲೆಕ್ಕ 2016ರದ್ದು. ಮೊಜಾರ್ಟ್ ತೀರಿಕೊಂಡು 225 ವರ್ಷವಾಯಿತೆಂದು ‘ಮೊಜಾರ್ಟ್ 225’ ಎಂಬ ಪೆಟ್ಟಿಗೆ ಬಂತು. 200 ಸಿ.ಡಿ., 240 ಗಂಟೆಗಳ ಸಂಗೀತ. ವರ್ಷದ ಕೊನೆಗೆ ಸುದ್ದಿಯೋ ಸುದ್ದಿ: ಡ್ರೇಕ್, ಅಡೆಲ್, ಬಿಯಾನ್ಸೆಯರನ್ನು ಹಿಂದಿಕ್ಕಿ ಆ ವರ್ಷ ಅತಿ ಹೆಚ್ಚು ಸಿ.ಡಿ. ಮಾರಿದ ಕಲಾವಿದ ಮೊಜಾರ್ಟ್, ಹನ್ನೆರಡೂವರೆ ಲಕ್ಷ! ಶಾಸ್ತ್ರೀಯ ಸಂಗೀತಕ್ಕೆ ಸಾವಿಲ್ಲ ಎಂದು ಜನ ಭಾವುಕರಾದರು. ಮಾರಾಟವಾಗಿದ್ದ ಪೆಟ್ಟಿಗೆಗಳು 6,250. ಒಂದೊಂದರಲ್ಲಿ 200 ತಟ್ಟೆ, ಒಂದೊಂದು ತಟ್ಟೆಯೂ ಒಂದೊಂದು ಮಾರಾಟ, ಗುಣಿಸಿಕೊಳ್ಳಿ. ಕೊಂಡವರು ದಿನಕ್ಕೊಂದು ಗಂಟೆಯಂತೆ ಕೇಳುತ್ತ ಕೂತರೂ ಮುಗಿಯಲು ಎಂಟು ತಿಂಗಳು ಬೇಕು. ಸುದ್ದಿ ಬಂದದ್ದು ಬಿಡುಗಡೆಯಾದ ಐದು ವಾರಕ್ಕೆ.

ಈ ಗಣಿತ ಒಮ್ಮೆ ಕೈಗೆ ಹತ್ತಿದ ಮೇಲೆ ಬಿಡುವುದುಂಟೇ? 2020ಕ್ಕೆ ಬೀಥೋವನ್ ಹುಟ್ಟಿ 250 ವರ್ಷವೆಂದು 118 ಸಿ.ಡಿ.ಗಳ ಪೆಟ್ಟಿಗೆ ಬಂದಿತ್ತು. ಆತ ಸತ್ತದ್ದು 1827ರ ಮಾರ್ಚ್ 26ರಂದು. ಅಂದರೆ 2027ಕ್ಕೆ 200 ವರ್ಷ. ಏಳು ವರ್ಷದ ಅಂತರದಲ್ಲಿ ಹುಟ್ಟು, ಸಾವು ಎರಡನ್ನೂ ಮಾರುವ ಭಾಗ್ಯ. ಕಂಪನಿಗಳು ಈ ಸಲ 118ಕ್ಕೆ ನಿಲ್ಲಬಾರದು ಎಂದು ನನ್ನ ಕಳಕಳಿಯ ವಿನಂತಿ. ಪೆಟ್ಟಿಗೆಗೆ 500 ತುಂಬಿ. ಬರೀ 2,500 ಮಂದಿ ಕೊಂಡರೂ ಮೊಜಾರ್ಟ್‌ನ ಹನ್ನೆರಡೂವರೆ ಲಕ್ಷ ಮುಟ್ಟುತ್ತದೆ. ಪಾಪ, ಬೀಥೋವನ್ ಅಷ್ಟೊಂದು ಬರೆದಿಲ್ಲವಲ್ಲ ಎಂದರೆ ಕರಾಯಾನ್‌ರ ನಾಲ್ಕೂ ದಶಕಗಳನ್ನು ಹಾಕಿ. ಅದಾದ ಮೇಲೂ ಜಾಗ ಉಳಿದರೆ ಕೇಜ್ ಇದ್ದೇ ಇದ್ದಾನೆ, ಬೇರೆ ಬೇರೆ ಖ್ಯಾತನಾಮರದ್ದು ಇನ್ನೂರು ತಟ್ಟೆ ಸೇರಿಸಿಬಿಡಿ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಸಂಗ್ರಹದ ಬೆಲೆ ಇಳಿಯುತ್ತದೆ ಎಂದು ಮೇಲೊಂದು ಚೀಟಿ ಅಂಟಿಸಿದರಾಯಿತು, ದೂರು ಬರುವುದಿಲ್ಲ.