ಬಾಗಿಲು ತೆಗೆಯೋ ಮುಂಚೆ ಹಿಂದೆ ನೋಡ್ರೀ!

ಮೊನ್ನೆ ಭಾನುವಾರ ನಂದಿ ಬೆಟ್ಟದ ಹೇರ್‌ಪಿನ್ ತಿರುವಲ್ಲೇ ನಿಂತಿದ್ದ ಕಾರಿನ ಬಲಬಾಗಿಲು ದಢಾರನೆ ತೆರೆದುಕೊಂಡಿತು. ಹಿಂದಿನಿಂದ ಬರುತ್ತಿದ್ದ ಸೈಕಲ್ ಸವಾರ ಗೇಣಷ್ಟರಲ್ಲಿ ಉಳಿದುಕೊಂಡ. ಸಾಕಾಗಿಹೋಗಿದೆ!

ಬೆಟ್ಟ ಹತ್ತೋ ಸೈಕಲ್ ರೇಸ್ ನೋಡೋಕೆ ಮನೆಮಂದಿಯೆಲ್ಲ ಚಿಕ್ಕಬಳ್ಳಾಪುರದಿಂದ ಬೆಳಗಿನ ಜಾವವೇ ಹೊರಡಿ, ಬೇಡ ಅಂದವರು ಯಾರು? ಆದರೆ ಸವಾರನ ಹಿಂಚಕ್ರಕ್ಕೆ ಕಾರು ಅಂಟಿಸೋದ್ಯಾಕೆ? ಏರಿನಲ್ಲಿ ಅವನ ವೇಗ ಗಂಟೆಗೆ 12-15 ಕಿ.ಮೀ. ಅದಕ್ಕೆ ಹೊಂದಿಸೋಕೆ ಅರ್ಧ ಕ್ಲಚ್ ಒತ್ತಿಕೊಂಡೇ ಹತ್ತಿಸ್ತಾರೆ. ನಾಲ್ಕು ತಿರುವು ಮುಗಿಯೋದರೊಳಗೆ ಪ್ಲೇಟ್ ಸುಟ್ಟ ವಾಸನೆ. ಹೊಗೆಯೆಲ್ಲ ಹಿಂದೆ ಏದುಸಿರು ಬಿಡುತ್ತಾ ಬರುವವರ ಎದೆಗೆ. ಮೊಬೈಲ್ ನೋಡುತ್ತಾ ಕೂತ ಮಗುವಿಗೆ ವಾಂತಿ. ತಕ್ಷಣ ತಿರುವಿನ ಒಳಮಗ್ಗುಲಲ್ಲೇ ಬ್ರೇಕ್! ಬೇರೆ ಜಾಗವೇ ಇಲ್ವಾ?

ಇಳಿಜಾರಂತೂ ಇನ್ನೂ ಘೋರ. ಅಲ್ಲಿ ಸೈಕಲ್ ವೇಗ ಗಂಟೆಗೆ 50 ಕಿ.ಮೀ. ದಾಟುತ್ತೆ. ಟಯರಿನ ಅಗಲ 25-28 ಮಿಲಿಮೀಟರ್, ಹೆಬ್ಬೆರಳಿನಷ್ಟು. ನೀವು ಕಿಟಕಿಯಿಂದ ಎಸೆದ ಚಟ್ನಿ ಪೊಟ್ಟಣ ಅದರಡಿ ಸಿಕ್ಕರೆ? ಮುಂಚಕ್ರ ಜಾರಿತು ಅಂದರೆ ಭುಜ ಊರಿ ಬೀಳ್ತಾನೆ, ಕೊರಳೆಲುಬು (ಕಾಲರ್ ಬೋನ್) ಲಟಕ್. ಅಷ್ಟರಲ್ಲಿ ಸನ್‌ರೂಫಿನಿಂದ ಎದ್ದು ನಿಂತು "ಕಮಾನ್, ಕಮಾನ್" ಕೂಗು, ಮೇಲೆ ಹಾರ್ನ್ ಬೇರೆ. ಬೆಚ್ಚಿಬಿದ್ದು ಹ್ಯಾಂಡಲ್ ಒಂದಿಂಚು ಅಲುಗಿದರೂ ಪಕ್ಕದಲ್ಲೇ ತಡೆಗೋಡೆ, ಅದರಾಚೆ ಕಣಿವೆ ಕಣ್ರೀ!