‘ಸೀಲ್ ಬಿದ್ದೈತ್ರಿ, ನಡಿಯಂಗಿಲ್ಲ’

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನೂರರ ನೋಟು ಕೊಟ್ಟು ನೋಡಿ. ಅಂಗಡಿಯವರು ಅದನ್ನು ತಿರುವಿ ಮುರುವಿ ನೋಡುತ್ತಾರೆ. ಮೂಲೆಯಲ್ಲಿ ನೀಲಿ ಮಸಿಯ ಅರ್ಧ ಸೀಲು ಕಂಡಿತೋ, "ಬ್ಯಾರೆ ಕೊಡ್ರೀ ಅಣ್ಣಾರ" ಅಂತ ವಾಪಸ್! ಆ ಸೀಲು ನಾವು ಒತ್ತಿದ್ದಲ್ಲ. ಯಾವುದೋ ಕ್ಯಾಷಿಯರ್ ಕಟ್ಟಿನ ಪಟ್ಟಿಗೆ ಹೊಡೆದದ್ದು ಜಾರಿ ಗಾಂಧೀಜಿ ಭುಜಕ್ಕೆ ಬಿದ್ದಿರುತ್ತದೆ. ನೋಟು ಪೂರ್ತಿ ಹತ್ತಿಯದ್ದು ಬೇರೆ. ಹತ್ತಿಯ ಸ್ವಭಾವ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಮಸಿ ಕುಡಿದರೆ ಮುಗೀತು, ಬಿಡುವುದಿಲ್ಲ.

ತಮಾಷೆ ಇಲ್ಲಿದೆ ನೋಡಿ. ರಿಸರ್ವ್ ಬ್ಯಾಂಕ್ 1999ರಿಂದಲೂ ನೋಟಿನ ಮೇಲೆ ಗೀಚಬೇಡಿ ಅಂತ ಹೇಳುತ್ತಲೇ ಇದೆ, ಆದರೆ ಬರೀ ಗೀಚಿದ ಮಾತ್ರಕ್ಕೆ ನೋಟು ಸಾಯುವುದಿಲ್ಲ. 2009ರ ನೋಟ್ ರೀಫಂಡ್ ನಿಯಮ ತಕರಾರು ಮಾಡುವುದೇ ಬೇರೆ ಬರಹಕ್ಕೆ: ರಾಜಕೀಯ ಘೋಷಣೆ, ಧಾರ್ಮಿಕ ಸಂದೇಶ, ಯಾರದೋ ಜಾಹೀರಾತು. ಅಂಥ ನೋಟನ್ನು ಬದಲಿಸಿ ಕೊಡಿ ಅಂತ ಹೋದರೆ ಅರ್ಜಿ ತಿರಸ್ಕಾರ.

ನಮ್ಮ ಪೇಟೆಯಲ್ಲಿ ಪೂರಾ ಉಲ್ಟಾ. ಬ್ಯಾಂಕಿನ ಸೀಲು ಬಿದ್ದ ನೋಟು ಬೇಡ. ಅದೇ ಕೆಂಪು ಮಸಿಯಲ್ಲಿ ದೇವರ ಹೆಸರು ಒತ್ತಿದ್ದರೆ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ! ಚುನಾವಣೆ ಚಿಹ್ನೆ ಇದ್ದರೆ ಮೊದಲು ಯಾವ ಪಕ್ಷ ಅಂತ ನೋಡಿ ಆಮೇಲೆ ತೀರ್ಮಾನ. ಬಟ್ಟೆ ಅಂಗಡಿಯ ಸೀಲು ಇದ್ದರಂತೂ, "ಈ ಅಂಗಡ್ಯಾಗ ಈಗ ಡಿಸ್ಕೌಂಟ್ ಐತೇನ್ರಿ?" ಅಂತ ಮಾತು ಬೇರೆ ಶುರು.

ಎಲ್ಲೂ ನಡೆಯದ ನೋಟು ಕೊನೆಗೆ ಹೋಗುವುದು ಹುಂಡಿಗೆ. ಗರಿಗರಿ ನೋಟು ಲೇವಾದೇವಿಗೆ, ಕೊಳೆ ಬಿದ್ದದ್ದು ದೇವರಿಗೆ. ಮಣ್ಣಾದ ನೋಟನ್ನು ಯಾವ ಬ್ಯಾಂಕ್ ಶಾಖೆಯಲ್ಲಾದರೂ ಸುಮ್ನೆ ಬದಲಿಸಿಕೊಳ್ಳಬಹುದು, ಖಾತೆಯೂ ಬೇಕಿಲ್ಲ. ಆದರೆ ಅಲ್ಲಿ ಸಾಲು ನಿಲ್ಲಬೇಕಲ್ಲ, ದೇವಸ್ಥಾನದಲ್ಲಿ ನಿಂತರೆ ಪುಣ್ಯವಾದರೂ ಬರುತ್ತದೆ.

ಇನ್ನು ಹತ್ತು ರೂಪಾಯಿ ನಾಣ್ಯ. ಮೇಲೆ ಕೆಳಗೆ ಬರೀ ಮುದ್ರೆಯೇ, ಅದೂ ಸರ್ಕಾರವೇ ಒತ್ತಿದ್ದು. 14 ನಮೂನೆಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಒಂದೇ ಮಾತು: "ಇದು ನಮ್ಮೂರಾಗ ಬಂದ್ ಆಗೇತ್ರಿ." ಹೀಗೆ ಊರಿಗೊಂದು ಆರ್ಡರ್ ಹೊರಡಿಸುವ ಆ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ಮುಂದಿನ ನೋಟಿನಲ್ಲಿ ಗವರ್ನರ್ ಸಹಿ ಬದಲು ಅವರದ್ದನ್ನೇ ಹಾಕಿಸಿಬಿಡಿ.