ವಾರಕ್ಕೊಮ್ಮೆ ಸಾನ್‌ಶಿನ್ ಪಾಠ

ಊರು ಬಿಟ್ಟು ಹೋದವರ ಸಂಸ್ಕೃತಿಯ ಮಾತು ಬಂದಾಗಲೆಲ್ಲ ನಮ್ಮ ಬಾಯಿಗೆ ಮೊದಲು ಬರುವ ಪದ ಅಭಿಮಾನ. ಅದಿದ್ದರೆ ಎಲ್ಲವೂ ಉಳಿಯುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಉದ್ಯೋಗದ ನಿಮಿತ್ತ ಹವಾಯಿಯ ಹೊನೊಲುಲುವಿನಲ್ಲಿದ್ದ ಎರಡು ವರ್ಷ ಅಲ್ಲಿನ ಓಕಿನಾವಾ ಮೂಲದವರನ್ನು ಹತ್ತಿರದಿಂದ ಕಂಡ ಮೇಲೆ ಆ ನಂಬಿಕೆ ಸಡಿಲಾಯಿತು. ಅವರ ಹಾಡು ನಾಲ್ಕನೆಯ ತಲೆಮಾರನ್ನು ಮುಟ್ಟಿರುವುದಕ್ಕೆ ಅಭಿಮಾನಕ್ಕಿಂತ ಹೆಚ್ಚಾಗಿ, ತಪ್ಪದೆ ನಡೆಯುವ ಪಾಠವೇ ಕಾರಣ ಎಂದು ಈಗ ನನಗೆ ಅನ್ನಿಸುತ್ತದೆ.

ಓಕಿನಾವಾ 1879ರಲ್ಲಿ ಜಪಾನಿನ ಒಂದು ಪ್ರಾಂತವಾಗುವವರೆಗೆ ತನ್ನದೇ ಅರಸರಿದ್ದ ರ್ಯೂಕ್ಯೂ ರಾಜ್ಯವಾಗಿತ್ತು. ಅಲ್ಲಿಂದ ಹೊರಟ ಮೊದಲ ತಂಡ 1900ರ ಜನವರಿಯಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಬಂದು ಸೇರಿತು. 1908ರಲ್ಲಿ ಕಸಾಟೊ ಮಾರು ಹಡಗಿನಲ್ಲಿ ಬ್ರೆಜಿಲ್‌ಗೆ ಬಂದಿಳಿದ 781 ಕೂಲಿಕಾರರಲ್ಲಿ 325 ಮಂದಿ ಓಕಿನಾವಾದವರೇ. ತೋಟದ ಲೈನ್‌ಮನೆಗಳಲ್ಲಿ ಇವರನ್ನು ಕೀಳಾಗಿ ಕಂಡವರಲ್ಲಿ ಜಪಾನಿನ ಮುಖ್ಯ ದ್ವೀಪಗಳಿಂದ ಬಂದ ಕೂಲಿಕಾರರೂ ಇದ್ದರು. ಇವರ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ, ಇವರು ಹಂದಿ ಸಾಕುವುದು ಹೇಸಿಗೆಯೆನಿಸುತ್ತಿತ್ತು, ಹೆಂಗಸರ ಮುಂಗೈ ಮೇಲಿನ ಹಾಜಿಚಿ ಹಚ್ಚೆ ನಗೆಪಾಟಲಾಗುತ್ತಿತ್ತು. ಆ ಹಚ್ಚೆಯನ್ನು ಜಪಾನ್ ಸರ್ಕಾರ 1899ರಲ್ಲೇ ನಿಷೇಧಿಸಿತ್ತು. ಅಂದರೆ ಮೊದಲ ತಲೆಮಾರಿನಲ್ಲಿ ಅನೇಕರಿಗೆ ತಮ್ಮತನವೆಂಬುದು ಎತ್ತಿ ತೋರಿಸುವ ವಸ್ತುವಾಗಿರಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಳ್ಳುವ ಕೈಯಾಗಿತ್ತು.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಹಂದಿಗಳ ಪ್ರಸಂಗ. 1945ರ ಯುದ್ಧ ಓಕಿನಾವಾವನ್ನು ಸುಟ್ಟು ಬೂದಿ ಮಾಡಿ, ಅಲ್ಲಿನ ಜನಸಂಖ್ಯೆಯ ಸುಮಾರು ಕಾಲು ಭಾಗವನ್ನು ಬಲಿ ತೆಗೆದುಕೊಂಡ ಮೇಲೆ, ಹವಾಯಿಯಲ್ಲಿದ್ದವರು ಬಟ್ಟೆಬರೆ, ಔಷಧಿಗಳ ಜೊತೆಗೆ ಏನು ಕಳಿಸಬೇಕೆಂದು ಯೋಚಿಸಿ ಹಂದಿಗಳನ್ನು ಕಳಿಸಲು ನಿರ್ಧರಿಸಿದರು. ಹಣ ಕೂಡಿಸಿ ಕೊಂಡ 550 ಹಂದಿಗಳನ್ನು ಅಮೆರಿಕದ ಪೋರ್ಟ್‌ಲೆಂಡ್ ಬಂದರಿನಲ್ಲಿ ಹಡಗಿಗೆ ಹತ್ತಿಸಿ, ಏಳು ಮಂದಿ ಅವುಗಳ ಜೊತೆಗೇ ಶಾಂತಸಾಗರ ದಾಟಿ, 1948ರ ಸೆಪ್ಟೆಂಬರ್ ಕೊನೆಯಲ್ಲಿ ಓಕಿನಾವಾ ತಲುಪಿದರು. ಯಾವ ಪ್ರಾಣಿಯ ಹೆಸರು ಹಿಡಿದು ಬೇರೆಯವರು ಇವರ ಮಕ್ಕಳನ್ನು ಹಂಗಿಸುತ್ತಿದ್ದರೋ ಅದನ್ನೇ ತವರಿಗೆ ಉಡುಗೊರೆಯಾಗಿ ಒಯ್ದರು. ಹವಾಯಿಯ ಓಕಿನಾವಾ ಮೂಲದವರ ಒಕ್ಕೂಟ 1951ರಲ್ಲಿ ಹುಟ್ಟಿದ್ದು ಇಂಥ ಪರಿಹಾರ ಕಾರ್ಯದ ಬೆನ್ನಿಗೇ ಎಂಬುದನ್ನು ಮರೆಯಬಾರದು. ಇವರನ್ನು ಒಟ್ಟಿಗೆ ಕೂರಿಸಿದ್ದು ಕೈತುಂಬ ಕೆಲಸ. ವೇದಿಕೆ, ಶಾಲು, ಸನ್ಮಾನಗಳೆಲ್ಲ ಆಮೇಲೆ ಬಂದವು.

ಅವರ ವಾರ್ಷಿಕ ಹಬ್ಬದಲ್ಲೂ ನನಗೆ ಹಿಡಿಸಿದ್ದು ವೇದಿಕೆಯ ಹಿಂದಿನ ಬಾಣಲೆಗಳೇ. ಆಂದಾಗಿ ಎಂಬ ಸಿಹಿ ಬೋಂಡಾದ ಹಿಟ್ಟನ್ನು ಅಲ್ಲಿನ ಅಜ್ಜಿಯರು ಸೌಟಿಲ್ಲದೆ, ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳ ಸಂದಿಯಿಂದ ಹಿಂಡಿ ಎಣ್ಣೆಗೆ ಬಿಡುತ್ತಾರೆ. ನಮ್ಮ ಕರಾವಳಿಯ ಗೋಳಿಬಜೆ ಬಿಡುವ ಕೈಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಉಂಡೆ ತಾನೇ ಮಗುಚಿಕೊಂಡು ಒಂದು ಬದಿ ಬಿರಿಯಬೇಕು. ಪಕ್ಕದಲ್ಲಿ ನಿಂತ ಹುಡುಗನ ಉಂಡೆಗಳಿಗೆ ಬಾಲ ಬರುತ್ತಿತ್ತು, ಅಜ್ಜಿ ನಗದೆ ಅವನ ಮಣಿಕಟ್ಟು ಹಿಡಿದು ತಿರುಗಿಸುತ್ತಿದ್ದರು.

ಇನ್ನು ಸಂಗೀತ. ಸಾನ್‌ಶಿನ್ ಎಂಬುದು ಮೂರು ತಂತಿಯ, ಹೆಬ್ಬಾವಿನ ಚರ್ಮ ಹೊದಿಸಿದ ವಾದ್ಯ. ಎಮ್ಮೆ ಕೊಂಬಿನ ಉಗುರನ್ನು ತೋರುಬೆರಳಿಗೆ ತೊಟ್ಟು ಮೀಟುತ್ತಾರೆ. ಯುದ್ಧಾನಂತರದ ನಿರಾಶ್ರಿತರ ಶಿಬಿರಗಳಲ್ಲಿ ಖಾಲಿ ಡಬ್ಬಕ್ಕೆ ಮಂಚದ ಕಟ್ಟಿಗೆ ಸಿಕ್ಕಿಸಿ, ಪ್ಯಾರಾಚೂಟಿನ ದಾರ ಬಿಗಿದು ಇದನ್ನು ನುಡಿಸಿದವರಿದ್ದಾರೆ. ಆದರೆ ಪರದೇಶದಲ್ಲಿ ಇದು ಬದುಕಿರುವುದು ಇಂಥ ಕಣ್ಣೀರಿನ ಕಥೆಗಳಿಂದಷ್ಟೇ ಅಲ್ಲ. ಕುನ್‌ಕುನ್‌ಶಿ ಎಂಬ ಸ್ವರಲಿಪಿಯಿದೆ. ಹಾಳೆಯ ಮೇಲೆ ಚೌಕಗಳ ಸಾಲು, ಒಂದೊಂದು ಚೌಕದಲ್ಲೂ ಯಾವ ತಂತಿಯ ಮೇಲೆ ಬೆರಳು ಎಲ್ಲಿ ಎಂಬುದನ್ನು ಹೇಳುವ ಒಂದು ಅಕ್ಷರ. ನೊಮುರಾ, ಅಫುಸೊ ಮುಂತಾದ ಗುರುಪರಂಪರೆಗಳಿವೆ. ಓಕಿನಾವಾದ ದಿನಪತ್ರಿಕೆಗಳೇ ನಡೆಸುವ, ಹಂತಹಂತದ ಪರೀಕ್ಷೆಗಳಿವೆ. ನಮ್ಮ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳನ್ನು ಗೇಲಿ ಮಾಡುವವರು (ನಾನೂ ಮಾಡಿದ್ದೇನೆ) ಇದನ್ನು ಗಮನಿಸಬೇಕು. ಸೇರಿ ಕಲಿಯುವ ಜಾಗ, ತಿದ್ದುವ ಗುರು, ದಾಟಬೇಕಾದ ಹಂತ ಇವು ಮೂರೂ ಇದ್ದುದರಿಂದಲೇ ಹೊನೊಲುಲುವಿನ ಮಗುವೂ ಇದನ್ನು ಕಲಿಯುವಂತಾಯಿತು.

ಭಾಷೆಗೆ ಈ ಭಾಗ್ಯ ದೊರೆಯಲಿಲ್ಲ. ಶಾಲೆಯಲ್ಲಿ ಓಕಿನಾವಾದ ಭಾಷೆಯಾದ ಉಚಿನಾಗುಚಿ ಮಾತನಾಡಿದ ಮಗುವಿನ ಕೊರಳಿಗೆ ಮರದ ಫಲಕ ತೂಗುಹಾಕುತ್ತಿದ್ದ ಕಾಲವೊಂದಿತ್ತು. ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಯಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಯುನೆಸ್ಕೊ 2009ರಲ್ಲಿ ಈ ದ್ವೀಪಸಾಲಿನ ಆರು ಭಾಷೆಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಾಡು ಉಳಿದರೆ ಭಾಷೆಯೂ ಉಳಿದಂತೆ ಎಂದು ಹೇಳುವವರನ್ನು ನಾನು ಒಪ್ಪಲಾರೆ.

ಹಾಗೆಂದು ಶುದ್ಧತೆಯ ಕಾವಲುಗಾರರ ಪಕ್ಷವೂ ನನ್ನದಲ್ಲ. ಬ್ರೆಜಿಲ್‌ನ ಕಾಂಪೊ ಗ್ರಾಂಡೆ ನಗರದಲ್ಲಿ ಓಕಿನಾವಾದ ನೂಡಲ್ ಸಾರು ಸೊಬಾ ಎಂಬ ಹೆಸರಿನಲ್ಲಿ, ದನದ ಮಾಂಸವನ್ನೂ ಸೇರಿಸಿಕೊಂಡು, ಮೇಲೆ ಸಣ್ಣಗೆ ಹೆಚ್ಚಿದ ಆಮ್ಲೆಟ್ ಹೊದ್ದು, ಊರಿನವರೆಲ್ಲರ ಊಟವಾಗಿದೆ. 2006ರಲ್ಲಿ ಅದನ್ನು ನಗರದ ಪರಂಪರೆಯೆಂದೇ ದಾಖಲಿಸಲಾಯಿತು. ಬದಲಾದ ಆ ಬಟ್ಟಲಿನ ಬಗ್ಗೆ ನನಗೆ ತಕರಾರಿಲ್ಲ. ಅರ್ಥವೇ ಸೋರಿಹೋದ ಹಾಡಿನ ಬಗ್ಗೆ ಮಾತ್ರ ಇದೆ.

ಒಂದು ಸಂಜೆ ಪರಿಚಿತರೊಬ್ಬರ ಗ್ಯಾರೇಜಿನಲ್ಲಿ ನಡೆಯುವ ಪಾಠಕ್ಕೆ ಹೋಗಿ ಮೂಲೆಯಲ್ಲಿ ಕುಳಿತಿದ್ದೆ. ಹದಿನಾರರ ಹುಡುಗಿಯೊಬ್ಬಳ ಪುಸ್ತಕದಲ್ಲಿ ಕುನ್‌ಕುನ್‌ಶಿಯ ಚೌಕಗಳು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಸಾಹಿತ್ಯ, ಅದರ ಪಕ್ಕ ಪೆನ್ಸಿಲಿನಲ್ಲಿ ಅರ್ಥ. ಎರಡು ಸಾಲುಗಳ ಎದುರು ಪೆನ್ಸಿಲಿನ ಗುರುತೇ ಇರಲಿಲ್ಲ. ಅವಳು ಕೇಳಿದಳು. ಎಂಬತ್ತರ ಆಸುಪಾಸಿನ ಸೆನ್ಸೆಯ್ (ಗುರುಗಳು) ಕನ್ನಡಕ ಸರಿಪಡಿಸಿಕೊಂಡು ಸಾಲನ್ನು ಎರಡು ಸಲ ಮೆಲ್ಲಗೆ ಹಾಡಿಕೊಂಡರು. ಮುಂದಿನ ಸಲ ಓಕಿನಾವಾದ ನಾಹಾಕ್ಕೆ ಹೋದಾಗ ಕೇಳಿಕೊಂಡು ಬರುತ್ತೇನೆ ಎಂದು, ಮೊದಲಿನಿಂದ ಶುರು ಮಾಡಲು ಕೈಸನ್ನೆ ಮಾಡಿದರು.